ಕೋಳಿ ಹೊತ್ತ ಹರಿಗೋಲು

"ಗುರುಗಳೇ, ಹೊಸ ಯೋಚನೆಗಳು ಮೂರು ನಾಲ್ಕು ಒಟ್ಟಿಗೆ ಎದುರು ಬಂದಾಗ ಅವುಗಳಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ?"

ಶಿಷ್ಯ ಇದನ್ನು ಸುಮ್ಮನೆ ಕೇಳಲಿಲ್ಲ. ಮಠದ ದಾಸೋಹದ ಒಲೆ ಹಳೆಯದಾಗಿತ್ತು. ಹೊಗೆ ಅಡುಗೆಯವರ ಕಣ್ಣು ತಿನ್ನುತ್ತಿತ್ತು. ಹೊಸ ಒಲೆ ಹೇಗಿದ್ದರೆ ಚೆನ್ನ ಎಂದು ಊರವರನ್ನು ಕೇಳಿದ್ದರು. ಮೂವರು ಮೂರು ಬಗೆಯ ಸಣ್ಣ ಒಲೆಗಳನ್ನು ಮಣ್ಣಿನಲ್ಲಿ ಮಾಡಿ ತಂದಿಟ್ಟಿದ್ದರು. ಒಂದನ್ನು ಆರಿಸುವ ಕೆಲಸವನ್ನು ಗುರುಗಳು ಈ ಶಿಷ್ಯನಿಗೆ ಒಪ್ಪಿಸಿದ್ದರು. ಅವನು ಅಚ್ಚುಕಟ್ಟಿನ ಹುಡುಗ. ಅವನು ಮಡಚಿಟ್ಟ ಬಟ್ಟೆಯಲ್ಲಿ ಸುಕ್ಕು ಕಂಡವರಿಲ್ಲ.

"ಈವರೆಗೆ ಏನು ಮಾಡಿದೆ?" ಎಂದು ಗುರುಗಳು ಕೇಳಿದರು.

"ಎರಡನ್ನು ಇಟ್ಟುಕೊಂಡಿದ್ದೇನೆ. ಒಂದನ್ನು ಹಿತ್ತಲಿಗೆ ಹಾಕಿದೆ."

"ಯಾಕೆ?"

"ಅದರ ಬಾಯಿ ಸೊಟ್ಟ."

"ಹೊತ್ತಿಸಿ ನೋಡಿದೆಯಾ?"

"ಇಲ್ಲ. ನೋಡಿದರೇ ಗೊತ್ತಾಗುತ್ತದಲ್ಲ."

ಗುರುಗಳು "ಕೂತುಕೋ" ಎಂದರು. ಶಿಷ್ಯ ಕೂತ. ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಹರಿಗೋಲು ಹೆಣೆಯುವವರ ಓಣಿ ಇತ್ತು. ಹರಿಗೋಲು ಎಂದರೆ ಬಿದಿರಿನ ಸೀಳಿನಿಂದ ಹೆಣೆದ ದುಂಡನೆಯ ದೋಣಿ. ದೊಡ್ಡ ಬುಟ್ಟಿ ಎಂದುಕೋ. ಹೊರಮೈಗೆ ತೊಗಲು ಹೊದಿಸುತ್ತಾರೆ. ಆ ಹೊಳೆಗೆ ಸೇತುವೆ ಇರಲಿಲ್ಲ. ವೈದ್ಯ, ಸೂಲಗಿತ್ತಿ, ಸಂತೆ ಎಲ್ಲ ಆಚೆ ದಂಡೆಯಲ್ಲಿ.

ದುಂಡನೆಯ ದೋಣಿ ನೆಟ್ಟಗೆ ದಾಟುವುದಿಲ್ಲ. ಹುಟ್ಟು ಹಾಕುವವನು ಎಷ್ಟು ಗಟ್ಟಿಗನಾದರೂ ನೀರು ಅದನ್ನು ಕೆಳಕ್ಕೆ ಎಳೆದುಕೊಂಡೇ ಹೋಗುತ್ತದೆ. ಆಚೆ ಮುಟ್ಟುವಾಗ ಎಲ್ಲೋ ಕೆಳಗೆ ಮುಟ್ಟಿರುತ್ತದೆ. ತಿರುಗಿ ಬರಬೇಕಾದರೆ ಅದನ್ನು ನೀರಿನಿಂದ ಎತ್ತಬೇಕು. ಬೋರಲು ಮಾಡಿ ತಲೆಯ ಮೇಲೆ ಹೊರಬೇಕು. ದಂಡೆಗುಂಟ ಬಹಳ ದೂರ ಮೇಲಕ್ಕೆ ನಡೆದು, ಅಲ್ಲಿಂದ ಮತ್ತೆ ನೀರಿಗೆ ಬಿಡಬೇಕು. ಅಲ್ಲಿ ಹರಿಗೋಲು ಮನುಷ್ಯರನ್ನು ಹೊತ್ತದ್ದಕ್ಕಿಂತ ಮನುಷ್ಯರು ಹರಿಗೋಲನ್ನು ಹೊತ್ತದ್ದೇ ಹೆಚ್ಚು.

ತೊಗಲು ಮಳೆಗಾಲ ಕಳೆಯುವಷ್ಟರಲ್ಲಿ ಕೊಳೆಯುತ್ತದೆ. ಹಾಗಾಗಿ ಪ್ರತಿ ವರ್ಷ ಮಳೆಗೆ ಮೊದಲು ಓಣಿಗೊಂದು ಹೊಸ ಹರಿಗೋಲು. ಹೊಸದು ಹೇಗಿರಬೇಕು ಎಂದು ಹೇಳಲು ಓಣಿಯ ಯಾರಿಗೂ ಅಡ್ಡಿ ಇರಲಿಲ್ಲ. ಆದರೆ ಬಾಯಲ್ಲಿ ಹೇಳುವಂತಿಲ್ಲ. ಬರೀ ಬಿದಿರಿನಲ್ಲಿ ಒಂದು ಸಣ್ಣ ಮಾದರಿ ಹೆಣೆದು ಬೇವಿನ ಮರದ ಕೆಳಗೆ ತಂದಿಡಬೇಕು. ಓಣಿಯ ಹಿರಿಯ ಎಲ್ಲವನ್ನೂ ಮುಟ್ಟಿ ನೋಡುತ್ತಾನೆ. ಮೊಣಕಾಲು ಊರಿ ಒತ್ತಿ ನೋಡುತ್ತಾನೆ. ಒಂದನ್ನು ಎತ್ತಿ ಹಿಡಿಯುತ್ತಾನೆ. ಅದನ್ನೇ ದೊಡ್ಡದಾಗಿ ಹೆಣೆಯುತ್ತಾರೆ.

ಉಳಿದವು ಏನಾಗುತ್ತವೆ? ಅವು ಕೋಳಿ ಮುಚ್ಚುವ ಬುಟ್ಟಿಗಳಾಗುತ್ತವೆ. ಅಳತೆಯೂ ಸರಿಯಾಗಿ ಅಷ್ಟೇ. ಆ ಓಣಿಯಲ್ಲಿ ಕೋಳಿ ಮುಚ್ಚಲು ಬುಟ್ಟಿ ಕೊಂಡವರೇ ಇರಲಿಲ್ಲ. ಒಬ್ಬಳು ಇನ್ನೊಬ್ಬಳ ಜೊತೆ ಜಗಳಕ್ಕೆ ನಿಂತರೆ, "ಹೋಗ, ನಿನ್ನ ಗಂಡನ ಬುದ್ಧಿಯಾಗ ನಮ್ಮನಿ ಕೋಳಿ ಮಲಗೈತಿ" ಎನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಬೈಗುಳ ಅಲ್ಲಿ ಇರಲಿಲ್ಲ.

ಓಣಿಯ ಹಿರಿಯನ ಹೆಸರು ಉಡಚಪ್ಪ. ಒಳ್ಳೆಯ ಕೈ. ಅವನು ಹೆಣೆದದ್ದು ಬಿಚ್ಚಿಕೊಂಡದ್ದಿಲ್ಲ. ಆದರೆ ಒಂದು ಗಂಟು ಸಾಲುವಲ್ಲಿ ಎರಡು ಹಾಕುವವನು. ಬಾಗಿಲು ಹಾಕಿ ಓಣಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ಚಿಲಕ ಎಳೆದು ನೋಡುವವನು. ಮಾದರಿಗಳನ್ನು ನೋಡುವಾಗ ಅವನ ಬಾಯಲ್ಲಿ ಒಂದೇ ಪ್ರಶ್ನೆ ಇರುತ್ತಿತ್ತು.

"ಮುಳುಗಿದರ?"

ಅವನ ಪಕ್ಕದಲ್ಲಿ ಅವನ ಹೆಂಡತಿ ಗಾಳೆವ್ವ ಕೂತಿರುತ್ತಿದ್ದಳು. ಅವಳು ಮಾದರಿಗಳನ್ನು ಮುಟ್ಟುತ್ತಿರಲಿಲ್ಲ. ಮೊರದಲ್ಲಿ ಕಾಳು ಹಸನು ಮಾಡುತ್ತಾ ಕೂತಿರುತ್ತಿದ್ದಳು. ಗಂಡ ತೀರಾ ದಪ್ಪನೆಯ ಮಾದರಿಗೆ ಕೈ ಹಾಕಿದಾಗ ತಲೆ ಎತ್ತದೆ ಕೇಳುತ್ತಿದ್ದಳು.

"ಹೊರೋರು ಯಾರು?"

"ನಿನಗೇನು ತಿಳಿತೈತಿ, ಕಾಳು ನೋಡು" ಎಂದು ಉಡಚಪ್ಪ ರೇಗುತ್ತಿದ್ದ. ರೇಗಿ, ಆ ಮಾದರಿಯನ್ನು ಕೆಳಗಿಟ್ಟು, ಅದಕ್ಕಿಂತ ಸ್ವಲ್ಪ ಹಗುರವಾದದ್ದನ್ನು ಎತ್ತಿಕೊಳ್ಳುತ್ತಿದ್ದ. ವರ್ಷ ವರ್ಷವೂ ಹೀಗೇ. ಹರಿಗೋಲು ಆರಿಸುವವನು ಉಡಚಪ್ಪ ಎಂದೇ ಓಣಿ ಹೇಳುತ್ತಿತ್ತು. ಉಡಚಪ್ಪನೂ ಹಾಗೇ ತಿಳಿದಿದ್ದ.

ಒಂದು ವರ್ಷ ಗಾಳೆವ್ವ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದಳು. ಆ ಹೊತ್ತಿಗೇ ಮಾದರಿ ನೋಡುವ ದಿನ ಬಂತು. ಉಡಚಪ್ಪ ಎರಡು ಪದರ ಹೆಣಿಗೆಯ, ಎರಡು ತೊಗಲು ಹಿಡಿಯುವ ಒಂದು ಮಾದರಿಯನ್ನು ಎತ್ತಿ ಹಿಡಿದ. ಯಾರೂ ಏನೂ ಕೇಳಲಿಲ್ಲ. ಗಾಳೆವ್ವ ತಿರುಗಿ ಬಂದಾಗ ಹರಿಗೋಲು ದಂಡೆಯ ಮೇಲೆ ಕೂತಿತ್ತು. ಅವಳು ಅದರ ಸುತ್ತ ಒಂದು ಸಾರಿ ಬಂದಳು.

"ಹೊರೋರು ಯಾರು?" ಎಂದಳು.

"ಓಣ್ಯಾಗ ನಾಲ್ಕು ಮಂದಿ ಗಂಡಸರಿಗೆ ಬರ ಬಂದೈತೇನು?" ಎಂದ ಉಡಚಪ್ಪ.

ಅವಳು ನಕ್ಕು ಮನೆಗೆ ಹೋದಳು.

ಅದೇ ಮಳೆಗಾಲ ಗಾಳೆವ್ವನಿಗೆ ಜ್ವರ ಬಂತು. ನೆಲ ಹಿಡಿಸುವ ಜ್ವರ. ವೈದ್ಯ ಆಚೆ ದಂಡೆಯವನು. ಗಂಡಸರೆಲ್ಲ ಗದ್ದೆಯಲ್ಲಿದ್ದರು. ಓಣಿಯಲ್ಲಿ ಉಳಿದವರು ಉಡಚಪ್ಪ ಮತ್ತು ಪಕ್ಕದ ಮನೆಯ ಒಬ್ಬ ಮುದುಕ. ಇಬ್ಬರೂ ಹೋಗಿ ಹರಿಗೋಲಿನ ಅಂಚಿಗೆ ಕೈ ಕೊಟ್ಟರು. ಅದು ಅಲುಗಲಿಲ್ಲ. ಗದ್ದೆಗೆ ಕೂಗು ಹೋಗಿ, ಗಂಡಸರು ಕೆಸರು ಕಾಲಲ್ಲಿ ಓಡಿ ಬರುವಷ್ಟರಲ್ಲಿ ಹೊಳೆ ಏರಿತ್ತು. ಏರಿದ ಹೊಳೆಯನ್ನು ನೋಡಿ ಎಲ್ಲರೂ ನಿಂತರು. ಬೆಳಗಾಗುವಾಗ ಗಾಳೆವ್ವ ಇರಲಿಲ್ಲ.

"ಹೊಳಿ ಒಯ್ತು" ಎಂದ ಉಡಚಪ್ಪ. ಬಂದವರಿಗೆಲ್ಲ ಅದನ್ನೇ ಹೇಳಿದ.

ಹೊಳೆ ಅವಳನ್ನು ಮುಟ್ಟಿಯೂ ಇರಲಿಲ್ಲ. ಓಣಿಗೆ ಅದು ಗೊತ್ತಿತ್ತು. ಆದರೆ ಹೆಂಡತಿ ಹೋದವನ ಎದುರು ನಿಂತು ಹೇಳುವ ಮಾತೇ ಅದು? ಯಾರೂ ಹೇಳಲಿಲ್ಲ. ಅವಳು ನೀರು ಹೊರುವಾಗ ತಲೆಗೆ ಇಟ್ಟುಕೊಳ್ಳುತ್ತಿದ್ದ ಸಿಂಬೆ ಗೂಟದಲ್ಲಿ ನೇತಾಡುತ್ತಿತ್ತು. ಉಡಚಪ್ಪ ಅದನ್ನು ತೆಗೆಯಲೂ ಇಲ್ಲ, ಮುಟ್ಟಲೂ ಇಲ್ಲ.

ಆಮೇಲೆ ವರ್ಷದಿಂದ ವರ್ಷಕ್ಕೆ ಹರಿಗೋಲು ಭಾರವಾಗುತ್ತಾ ಹೋಯಿತು. "ಮುಳುಗಿದರ?" ಎಂದು ಅವನು ಕೇಳುತ್ತಿದ್ದ. ಅದಕ್ಕೆ ಎದುರು ಪ್ರಶ್ನೆ ಕೇಳುವ ಜಾಗ ಖಾಲಿ ಇತ್ತು. ತಂದವರೂ ಅವನ ಮನಸ್ಸು ತಿಳಿದು ದಪ್ಪನೆಯದನ್ನೇ ಹೆಚ್ಚು ತರುತ್ತಿದ್ದರು. ಹಗುರವಾದದ್ದು ಎಲ್ಲೋ ಒಂದೆರಡು ಬಂದರೆ ಕೋಳಿಗೆ ಹೋಗುತ್ತಿತ್ತು.

ಮೂರನೆಯ ವರ್ಷ ಬೇವಿನ ಕೆಳಗೆ ಐದು ಮಾದರಿಗಳು ಬಂದವು. ಅದರಲ್ಲಿ ಒಂದು ತಿಪ್ಪವ್ವನದು.

ತಿಪ್ಪವ್ವ ಉಡಚಪ್ಪನ ತಮ್ಮನ ಸೊಸೆ. ಬಸುರಿ. ಹಾಗಿದ್ದೂ ಕಾಲು ನೆಲದ ಮೇಲೆ ನಿಲ್ಲದವಳು. ಏರಿದ ಹೊಳೆ ಕಂಡರೆ ಇಳಿದು ನೋಡಬೇಕೆನ್ನುವವಳು. ಅವಳ ಮಾದರಿ ಒಂದೇ ಪದರದ ಹೆಣಿಗೆ. ಕೆಳಗೆ ನಾಲ್ಕು ಪಟ್ಟಿಗಳು ಒಂದರ ಮೇಲೊಂದು ಅಡ್ಡ ಹಾಯ್ದು ಅದನ್ನು ಎಳೆದು ಹಿಡಿದಿದ್ದವು. ಒಳಗೆ, ತಳದ ನಟ್ಟನಡುವೆ, ಬಿದಿರಿನಲ್ಲೇ ಹೆಣೆದ ಒಂದು ಸಣ್ಣ ಉಂಗುರ. ಅಂಥದ್ದನ್ನು ಅಲ್ಲಿ ಯಾರೂ ಹಿಂದೆ ಮಾಡಿರಲಿಲ್ಲ.

ಉಡಚಪ್ಪ ಅದನ್ನು ತಿರುಗಿಸಿ ನೋಡಿದ. "ನಡುವ ಇದೇನಿದು?" ಎಂದು ಕೇಳಿದ.

"ಸಿಂಬಿ, ಮಾವಾ."

"ಹರಿಗೋಲಿಗೆ ಸಿಂಬಿ?"

"ಹರಿಗೋಲಿಗಲ್ಲ. ಹೊತ್ತವರ ತಲೀಗೆ. ಬೋರಲು ಹಾಕ್ಕೊಂಡಾಗ ಇದು ತಲಿ ಮ್ಯಾಲ ಕೂಡ್ರತೈತಿ. ಹೆಣ್ಣಮಕ್ಕಳೂ ಹೊರಬಹುದು."

ಕೂತವರು ನಕ್ಕರು. ಉಡಚಪ್ಪ ನಗಲಿಲ್ಲ. ಸಿಂಬೆ ಎಂಬ ಮಾತಿಗೆ ಅವನ ಮುಖ ಬಿಗಿಯಿತು. ಮಾದರಿಯ ಅಂಚನ್ನು ಬೆರಳಲ್ಲಿ ಹಿಸುಕಿದ.

"ಅಂಚು ತೆಳು. ಕಲ್ಲು ತಾಗಿದರ ಮುರೀತೈತಿ."

"ಮುರಿದರ ಕಟ್ಟೂಣು."

"ನಡು ಹೊಳ್ಯಾಗ ಯಾರು ಕಟ್ಟತಾರ, ನಿಮ್ಮಪ್ಪ?"

"ನಮ್ಮಪ್ಪಗ ಕಟ್ಟಾಕ ಬರಂಗಿಲ್ಲ ಮಾವಾ, ಈಜಾಕ ಬರ್ತೈತಿ."

ಮತ್ತೆ ನಗು. ತಿಪ್ಪವ್ವನೂ ನಕ್ಕಳು. ನಕ್ಕು, ಸೆರಗು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದಳು.

"ನನಗ ಶ್ರಾವಣದಾಗ ದಿನ ತುಂಬತಾವ. ಗಂಡಸರೆಲ್ಲ ಗದ್ಯಾಗ ಇರ್ತಾರ. ಸೂಲಗಿತ್ತಿ ಆಚಿ ದಂಡ್ಯಾಗ. ಅವತ್ತು ಏನ್ ಮಾಡೂದು, ಹೇಳು?"

"ಅದಕ್ಕ ಹೇಳೂದು, ಗಟ್ಟಿ ಇರಬೇಕು ಅಂತ. ನೀ ಮುಳುಗಬಾರದು" ಎಂದ ಉಡಚಪ್ಪ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಂಜಿಕೆ ಇತ್ತು. ಮಾತು ಮುಗಿಸಿ ಅವನು ಮೂರು ಪದರದ, ತಳಕ್ಕೆ ಹಲಗೆ ಹಾಕಿದ ಮಾದರಿಯನ್ನು ಎತ್ತಿ ಹಿಡಿದ. ಅದು ಬೆಟ್ಟಪ್ಪನೆಂಬವನದು. ದೊಡ್ಡದಾಗಿ ಹೆಣೆದರೆ ಎತ್ತಲು ಆರು ಮಂದಿ ಬೇಕಾಗುತ್ತಿತ್ತು.

"ಆತು ಬಿಡು. ನನ್ನ ಕೋಳಿಗಾರ ಮನಿ ಸಿಕ್ತು" ಎಂದಳು ತಿಪ್ಪವ್ವ. ಅಲ್ಲೇ ಬೇವಿನ ಬುಡ ಕೆದರುತ್ತಿದ್ದ ತನ್ನ ಕರಿ ಕೋಳಿಯ ಮೇಲೆ ಮಾದರಿಯನ್ನು ಬೋರಲು ಹಾಕಿದಳು. ಮೇಲೆ ಕಲ್ಲು ಹೇರಬೇಕು, ಇಲ್ಲದಿದ್ದರೆ ಕೋಳಿ ಬುಟ್ಟಿ ದಬ್ಬುತ್ತದೆ. ಅವಳು ಕಲ್ಲು ತರಲು ತಿರುಗಿದಳು.

ಬುಟ್ಟಿ ಎದ್ದಿತು.

ಎದ್ದು, ಸ್ವಲ್ಪ ನಿಂತು, ನಡೆಯಿತು. ತಳದ ಸಿಂಬೆ ಕೋಳಿಯ ಬೆನ್ನಿಗೆ ಸರಿಯಾಗಿ ಕೂತುಬಿಟ್ಟಿತ್ತು. ಕೋಳಿಗೆ ಭಾರ ಅನಿಸಲಿಲ್ಲವೋ ಏನೋ. ಕೂತವರ ನಡುವೆ ಹಾಯ್ದು ಬುಟ್ಟಿ ಓಣಿಗೆ ಇಳಿಯಿತು.

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. "ಉಡಚಪ್ಪ ಕಾಕಾ, ಹಿಡಿಯೋ! ಹರಿಗೋಲಿಗೆ ಕಾಲು ಬಂದು ಹೊಂಟೈತಿ!" ಎಂದು ಬೆಟ್ಟಪ್ಪ ಕೂಗಿದ.

ಉಡಚಪ್ಪ ಎದ್ದ. ಹಿಡಿಯಲು ಅಲ್ಲ. ಅದು ಹೇಗೆ ನಡೆಯುತ್ತಿದೆ ಎಂದು ಅವನಿಗೆ ನೋಡಬೇಕಾಗಿತ್ತು. ಎಷ್ಟೋ ದಿನಗಳ ಮೇಲೆ ಅವನಿಗೆ ಏನನ್ನಾದರೂ ನೋಡಬೇಕು ಎನಿಸಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬುಟ್ಟಿಯ ಹಿಂದೆ ನಡೆದ. ಬುಟ್ಟಿ ನಿಂತರೆ ಅವನೂ ನಿಂತ. ಬುಟ್ಟಿ ತಿಪ್ಪೆಯ ಕಡೆ ತಿರುಗಿದರೆ ಅವನೂ ತಿರುಗಿದ. ಒಂದು ಕಡೆ ಕುಕ್ಕುರುಗಾಲಲ್ಲಿ ಕೂತು, ಕೆನ್ನೆ ನೆಲಕ್ಕೆ ತಾಗಿಸಿ ಕೆಳಗೆ ಇಣುಕಿದ. ಎರಡು ಹಳದಿ ಕಾಲು ಕಂಡವು.

"ಅಬ್ಬಬ್ಬಾ. ಹೊರೋರು ಯಾರು ಇದನ್ನ?" ಎಂದ ಕೋಳಿಯನ್ನು ನೋಡಿ.

ತಮಾಷೆಗೆ ಅಂದದ್ದು. ಅಂದ ಮೇಲೆ ಆ ಮಾತು ಅವನ ಕಿವಿಗೆ ಬಿತ್ತು. ಮೂರು ವರ್ಷದಿಂದ ಯಾರೂ ಕೇಳದೆ ಇದ್ದ ಮಾತು. ಈಗ ಅವನ ಬಾಯಲ್ಲೇ ಬಂದಿತ್ತು.

ಅವನು ಅಲ್ಲೇ ಕೂತ. ಬುಟ್ಟಿ ಮುಂದೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ ನೋಡಿದರೆ ಒಂದು ಅಂಗಳ. ಅಲ್ಲಿ ಒಂದು ಕೋಳಿ ಬುಟ್ಟಿ, ಮೇಲೊಂದು ಕಲ್ಲು. ಅದು ಹೋದ ವರ್ಷ ಅವನು ಬೇಡ ಎಂದ ಮಾದರಿ. ಎದ್ದು ಹೋಗಿ ಕಲ್ಲು ಇಳಿಸಿದ. ಒಂದು ಬೆರಳು ಅಂಚಿಗೆ ಕೊಟ್ಟ. ಬುಟ್ಟಿ ಎದ್ದಿತು.

"ಏನ್ ಹುಡುಕ್ತಿ ಮಾವಾ? ಮೊಟ್ಟಿ ಏನು?" ಎಂದು ಮನೆಯಾಕೆ ಬಾಗಿಲಿನಿಂದ ಕೇಳಿದಳು.

"ಇದಕ್ಕ ನಾ ಏನಂದಿದ್ದೆ?"

"ತಳ ಚಪ್ಪಟೆ ಅಂದಿದ್ದಿ."

ಅವನು ತಳ ನೋಡಿದ. ಚಪ್ಪಟೆಯೇ ಇತ್ತು. ಮುಂದಿನ ಅಂಗಳಕ್ಕೆ ಹೋದ. ಅಲ್ಲಿನ ಬುಟ್ಟಿಗೆ ಅವನು ಹೆಣಿಗೆಯ ಕಣ್ಣು ಅಗಲ ಎಂದಿದ್ದ. ಕಣ್ಣು ಅಗಲವೇ. ಅದಕ್ಕೂ ಬೆರಳು ಕೊಟ್ಟ. ಅದೂ ಎದ್ದಿತು. ಇನ್ನೊಂದಕ್ಕೆ ಬಿದಿರು ಎಳೆಯದು ಎಂದಿದ್ದ. ಎಳೆಯದೇ. ಅದೂ ಒಂದೇ ಬೆರಳಿಗೆ ಎದ್ದಿತು. ಒಂದು ಅಂಗಳದಲ್ಲಿ ಕೋಳಿಗಳು ಹೊರಬಿದ್ದು ಓಡಿದವು. ಮನೆಯಾಕೆ ಬೈದಳು. ಅವನಿಗೆ ಕೇಳಿಸಲಿಲ್ಲ. ಮುಂದಿನ ಬುಟ್ಟಿ ಹೇಗಿದೆ ಎಂಬ ಕುತೂಹಲವೇ ಅವನನ್ನು ಎಳೆದುಕೊಂಡು ಹೋಗುತ್ತಿತ್ತು.

ಓಣಿಯ ಕೊನೆಯ ಮನೆಯಲ್ಲಿ ಒಂದು ಹಳೆಯ ಬುಟ್ಟಿ ಇತ್ತು. ಗಾಳೆವ್ವ ಇದ್ದಾಗಿನದು. ಬೆರಳು ಕೊಟ್ಟ. ಏಳಲಿಲ್ಲ. ಎರಡು ಕೈ ಕೊಡಬೇಕಾಯಿತು. ಅದನ್ನು ಯಾಕೆ ಬಿಟ್ಟೆ ಎಂದು ನೆನಪು ಮಾಡಿಕೊಂಡ. ಅವನೇ ಅದನ್ನು ಎತ್ತಿಕೊಂಡಿದ್ದ. ಅವಳು ಕೇಳಿದ್ದಳು. ಅವನು ರೇಗಿದ್ದ. ಕೆಳಗಿಟ್ಟಿದ್ದ.

ಆಗ ಅವನಿಗೆ ಕಂಡಿತು. ಅವಳು ಇದ್ದಾಗ ಕೋಳಿಗೆ ಹೋದವುಗಳಲ್ಲಿ ಭಾರದವೂ ಇದ್ದವು, ಹಗುರದವೂ ಇದ್ದವು. ಅವಳು ಹೋದ ಮೇಲೆ ಅವನ ಕೈ ದಾಟಿ ಒಂದೇ ಒಂದು ಹಗುರದ್ದು ನೀರು ಕಂಡಿರಲಿಲ್ಲ. ಬಾಯಲ್ಲಿ ಒಂದೊಂದಕ್ಕೆ ಒಂದೊಂದು ತಪ್ಪು ಹೇಳಿದ್ದ. ತಪ್ಪುಗಳು ಅಲ್ಲಿ ಇದ್ದವು ಕೂಡ. ಆದರೆ ತಾನು ಎತ್ತಿ ಹಿಡಿದ ಮಾದರಿಗಳಲ್ಲಿ ತಪ್ಪು ಎಷ್ಟಿದ್ದವು? ಅವನಿಗೆ ಗೊತ್ತಿರಲಿಲ್ಲ. ಅವುಗಳಲ್ಲಿ ಅವನು ಹುಡುಕಿಯೇ ಇರಲಿಲ್ಲ.

ಉಡಚಪ್ಪ ಮನೆಗೆ ಹೋದ. ಗೂಟದಲ್ಲಿದ್ದ ಸಿಂಬೆಯನ್ನು ತೆಗೆದುಕೊಂಡ. ಅದಕ್ಕೆ ಧೂಳು ಹಿಡಿದಿತ್ತು. ಹೊಳೆಯ ದಂಡೆಗೆ ನಡೆದ. ಹೋದ ವರ್ಷದ ಹರಿಗೋಲು, ತಾನೇ ಆರಿಸಿದ್ದು, ಅಲ್ಲಿ ಬೋರಲು ಬಿದ್ದಿತ್ತು. ಸಿಂಬೆಯನ್ನು ತಲೆಗೆ ಇಟ್ಟುಕೊಂಡ. ಬಾಗಿ, ಎರಡೂ ಕೈ ಅಂಚಿಗೆ ಕೊಟ್ಟು ಎತ್ತಿದ.

ಅಲುಗಲಿಲ್ಲ.

ಮತ್ತೊಮ್ಮೆ ಎತ್ತಿದ. ಆ ದಿನ ಹೀಗೇ ಎತ್ತಿದ್ದ. ಆ ದಿನವೂ ಅಲುಗಿರಲಿಲ್ಲ. ಹೊಳೆ ಆಗ ಇನ್ನೂ ಏರಿರಲಿಲ್ಲ. ಅದೂ ನೆನಪಾಯಿತು.

ಹೊತ್ತು ಮುಳುಗುವವರೆಗೆ ಅವನು ಹರಿಗೋಲಿಗೆ ಒರಗಿ ಕೂತಿದ್ದ. ಸಿಂಬೆ ತೊಡೆಯ ಮೇಲಿತ್ತು.

ಬೆಳಿಗ್ಗೆ ಅವನು ತಿಪ್ಪವ್ವನ ಬಾಗಿಲಿಗೆ ಹೋದ.

"ಕೋಳಿ ಬಿಟ್ಟು ಬುಟ್ಟಿ ಕೊಡು."

"ಯಾಕ ಮಾವಾ? ಕೋಳಿಗೂ ಬ್ಯಾಡೇನು?"

"ಅದನ್ನ ಹೆಣಿಯೂಣು. ಆದರ ನಿನ್ನ ಅಂಚು ತೆಳುವೇ ಐತಿ. ಅದನ್ನ ನಾ ಬಿಡಂಗಿಲ್ಲ."

ತಿಪ್ಪವ್ವ ಅವನ ಮುಖ ನೋಡಿದಳು. ತಮಾಷೆ ಮಾಡಲಿಲ್ಲ.

"ನಾ ಒಬ್ಬನ ಆರಿಸಿದರ ನನ್ನ ಅಂಜಿಕಿ ಆರಿಸ್ತೈತಿ" ಎಂದ ಉಡಚಪ್ಪ. "ನೀ ಒಬ್ಬಾಕಿ ಆರಿಸಿದರ ನಿನ್ನ ಹುಂಬತನ ಆರಿಸ್ತೈತಿ. ಇನ್ನ ಮುಂದ ನಾ ಮುಳುಗಿದರ ಅಂತ ಕೇಳ್ತೀನಿ. ನೀ ಹೊರೋರು ಯಾರು ಅಂತ ಕೇಳು. ನಾ ಬೈತೀನಿ. ಬೈದರೂ ಕೇಳು."

"ಬೈದರ ನಾನೂ ಬೈತೀನಿ."

"ಬೈ. ಅಕಿನೂ ಬೈತಿದ್ಲು."

ಹೆಣಿಗೆ ಸುರುವಾಯಿತು. ಉಡಚಪ್ಪ ಅಂಚಿಗೆ ಬಿದಿರಿನ ಸೀಳಿನ ಎರಡು ಬಳೆ ಹೆಚ್ಚಿಗೆ ಸುತ್ತಿದ. ತಿಪ್ಪವ್ವ ಓಣಿಯ ಇಬ್ಬರು ಹೆಂಗಸರನ್ನು ಕರೆದು, "ಹೊತ್ತು ನೋಡ್ರಿ" ಎಂದಳು. ಅವರು ಹೊತ್ತು ನಡೆದು, ಬಾವಿಯವರೆಗೂ ಹೋಗದೆ ಇಳಿಸಿಬಿಟ್ಟರು. ಉಡಚಪ್ಪ ಗೊಣಗುತ್ತಾ ಒಂದು ಬಳೆ ಬಿಚ್ಚಿದ. ಇನ್ನೊಂದನ್ನು ಬಿಚ್ಚು ಎಂದಳು ತಿಪ್ಪವ್ವ. ಬಿಚ್ಚುವುದಿಲ್ಲ ಎಂದ ಅವನು. ಒಂದು ಇಡೀ ದಿನ ಇಬ್ಬರೂ ಮಾತು ಬಿಟ್ಟರು. ಆ ಬಳೆ ಹಾಗೇ ಉಳಿಯಿತು. ನಡುವಿನ ಸಿಂಬೆಯನ್ನು ಅವನೇ ಹೆಣೆದ. ಗಾಳೆವ್ವನ ಸಿಂಬೆಯ ಅಳತೆ ಹಿಡಿದು ಹೆಣೆದು, ಹಳೆಯದನ್ನು ಒಯ್ದು ಗೂಟಕ್ಕೆ ತೂಗುಹಾಕಿದ.

ತೊಗಲು ಹೊದಿಸಿದ ಮೇಲೆ ಹರಿಗೋಲನ್ನು ಪರೀಕ್ಷೆ ಮಾಡುವ ಕ್ರಮ ಒಂದಿದೆ. ಬಿಸಿಲಿನಲ್ಲಿ ಬೋರಲು ಹಾಕುತ್ತಾರೆ. ಒಬ್ಬರು ಒಳಗೆ ಕೂರುತ್ತಾರೆ. ಒಳಗೆ ಕತ್ತಲೆ. ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ನೀರು ಬರುತ್ತದೆ. ಒಳಗಿನವನು ಕಡ್ಡಿ ತೂರಿಸಿ ತೋರಿಸಬೇಕು. ಹೊರಗಿನವರು ಅಲ್ಲಿ ಅಂಟು ಬಳಿಯಬೇಕು. ಒಳಗೆ ಉಡಚಪ್ಪ ಕೂತ. ಹೊರಗೆ ತಿಪ್ಪವ್ವ ನಿಂತಳು.

"ಇಲ್ಲಿ" ಎಂದ ಅವನು.

"ಎಲ್ಲಿ? ನನಗೇನೂ ಕಾಣವಲ್ದು."

"ನಿನಗ ಕಾಣಂಗಿಲ್ಲ. ನೀ ಬಿಸಲಾಗ ಅದಿ. ಕಡ್ಡಿ ನೋಡು."

"ಹಾಂ, ಸಿಕ್ತು. ಹಚ್ಚಿದೆ. ಈಗ?"

"ಈಗ ಇಲ್ಲ."

ಶ್ರಾವಣ ಬಂತು. ಒಂದು ಮಧ್ಯಾಹ್ನ ತಿಪ್ಪವ್ವನಿಗೆ ನೋವು ಸುರುವಾಯಿತು. ಗಂಡಸರು ಗದ್ದೆಯಲ್ಲಿದ್ದರು. ಯಾರೂ ಗದ್ದೆಗೆ ಕೂಗಲಿಲ್ಲ. ಅದೇ ಇಬ್ಬರು ಹೆಂಗಸರು ಸೂಲಗಿತ್ತಿಯನ್ನು ಕರೆತರಲು ಹರಿಗೋಲನ್ನು ನೀರಿಗೆ ಬಿಟ್ಟು ಹತ್ತಿದರು. ಹೊಳೆ ಕೆಂಪಾಗಿ ಏರತೊಡಗಿತ್ತು. ಉಡಚಪ್ಪ ದಂಡೆಯಲ್ಲಿ ನಿಂತಿದ್ದ. ಅವನ ಬಾಯಲ್ಲಿ ಒಂದೇ ಪ್ರಶ್ನೆ ಇತ್ತು. ಕೇಳಲಿಲ್ಲ. ನೀರು ಹರಿಗೋಲನ್ನು ಕೆಳಕ್ಕೆ ಒಯ್ದು ತಿರುವಿನಲ್ಲಿ ಮರೆ ಮಾಡಿತು. ಅವನು ಆಚೆ ದಂಡೆಯನ್ನೇ ನೋಡುತ್ತಾ ನಿಂತ.

ಬಹಳ ಹೊತ್ತಾದ ಮೇಲೆ ಆಚೆ ದಂಡೆಯಲ್ಲಿ ಒಂದು ಕರಿಯ ದುಂಡನೆಯದು ಕಂಡಿತು. ಬೋರಲು ಬಿದ್ದ ಬುಟ್ಟಿ. ಅದಕ್ಕೆ ನಾಲ್ಕು ಕಾಲುಗಳಿದ್ದವು. ಅದು ದಂಡೆಗುಂಟ ಮೇಲಕ್ಕೆ ನಡೆದು ಹೋಗುತ್ತಿತ್ತು. ಹಿಂದೆ ಸೂಲಗಿತ್ತಿ ಗಂಟು ಹಿಡಿದು ಓಡುತ್ತಿದ್ದಳು. ಉಡಚಪ್ಪ ನಕ್ಕ. ನಗುತ್ತಾ ನಗುತ್ತಾ ಅಲ್ಲೇ ಕೂತು ಮುಖಕ್ಕೆ ಪಂಚೆ ಒತ್ತಿಕೊಂಡ.

ಬರುವಾಗ ಹರಿಗೋಲು ಬಂಡೆಗೆ ತಾಗಿತು. ಅಂಚು ಬಾಗಿತು. ಆ ಒಂದು ಬಳೆ ಅದನ್ನು ಹಿಡಿದುಕೊಂಡಿತು. ಮುರಿಯಲಿಲ್ಲ.

ಹೆಣ್ಣು ಮಗು. ತಾಯಿ ಮಗಳು ಇಬ್ಬರೂ ಉಳಿದರು. ಮರು ವರ್ಷ ಮಾದರಿ ನೋಡುವ ದಿನ ತಿಪ್ಪವ್ವ ಮಗುವನ್ನು ತೊ‌ಡೆಯ ಮೇಲೆ ಹಾಕಿಕೊಂಡು ಉಡಚಪ್ಪನ ಪಕ್ಕದಲ್ಲಿ ಕೂತಳು. ಅವನು ದಪ್ಪನೆಯ ಒಂದಕ್ಕೆ ಕೈ ಹಾಕಿದ. ಅವಳು ಕೇಳಿದಳು. ಅವನು ರೇಗಿದ.

ಗುರುಗಳು ಕತೆ ನಿಲ್ಲಿಸಿದರು.

ಕತೆ ಶಿಷ್ಯನಿಗೆ ಹಿಡಿಸಿತ್ತು. ಆ ಮುದುಕನ ಮೇಲೆ ಮರುಕವೂ ಬಂದಿತ್ತು.

"ಉಡಚಪ್ಪ ಅಂಜುವವನು, ಅದಕ್ಕೆ ಹಾಗಾಯಿತು" ಎಂದ. "ಆದರೆ ನಾನು ಅಂಜಿ ಆ ಒಲೆಯನ್ನು ಹಿತ್ತಲಿಗೆ ಹಾಕಿಲ್ಲ, ಗುರುಗಳೇ. ಅದರ ಬಾಯಿ ನಿಜವಾಗಿಯೂ ಸೊಟ್ಟ. ಬೇಕಾದರೆ ನೀವೇ ಬಂದು ನೋಡಿ."

"ನೋಡುವುದೇನು ಬಂತು, ಮಗು? ಉಡಚಪ್ಪ ಹೇಳಿದ ತಪ್ಪುಗಳಲ್ಲಿ ಒಂದೂ ಸುಳ್ಳಿರಲಿಲ್ಲ" ಎಂದರು ಗುರುಗಳು.